ಅಪ್ಪನ ಹಾಸಿಗೆಯ ಪಕ್ಕ ಕೂತವರು

ಅವರ ಬಲಗೈಯ ತೋರುಬೆರಳು ಅರ್ಧ ಇರಲಿಲ್ಲ. ಮುಂಬಯಿ ಹತ್ತಿರದ ಡೊಂಬಿವಲಿಯ ಕಾರ್ಖಾನೆಯೊಂದರಲ್ಲಿ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಹೋಗಿತ್ತಂತೆ. ಉಳಿದ ಬೆರಳುಗಳಿಂದಲೇ ಅವರು ರೋಗಿಯ ಕೈಯನ್ನು ತೀರ ಹಗುರವಾಗಿ ಹಿಡಿಯುತ್ತಿದ್ದರು, ಮಲಗಿದವರಿಗೆ ಎಚ್ಚರವಾಗುತ್ತಿರಲಿಲ್ಲ.

ಅವರು ನಮ್ಮ ಕನ್ನಡ ಚರ್ಚಿನ ಸಭಾಹಿರಿಯರು, ಕಲಬುರಗಿ ಕಡೆಯವರು; ನಾವು ಮನೆಯಲ್ಲಿ ತುಳು ಮಾತಾಡುವ ಕರಾವಳಿಯವರು. ಯಾರಾದರೂ ಕೊನೆಯ ದಿನಗಳಲ್ಲಿದ್ದಾರೆಂದು ತಿಳಿದರೆ ಪಾದ್ರಿಗಳಿಗಿಂತ ಮೊದಲೇ ಆ ಮನೆಗೆ ಹೋಗುತ್ತಿದ್ದರು. ಸೋಪು ಹಾಕಿ ಕೈ ತೊಳೆದು ಹಾಸಿಗೆಯ ಪಕ್ಕ ಕೂರುವರು. ಬೈಬಲ್ಲು ಚೀಲದಲ್ಲೇ ಇರುತ್ತಿತ್ತು. "ಸಾಯೋರ ಮುಂದ ಭಾಷಣ ಮಾಡಬಾರ್ದ್ರಿ. ಮೊದಲ ಅವ್ರ ಮಾತು ಕೇಳ್ಬೇಕು" ಎನ್ನುತ್ತಿದ್ದರು.

ಆಸ್ಪತ್ರೆಯವರು ಕೈಚೆಲ್ಲಿ ಅಪ್ಪನನ್ನು ಠಾಕುರ್ಲಿಯ ನಮ್ಮ ಮನೆಗೆ ಕಳಿಸಿದಾಗ ಅವರು ದಿನವೂ ಬರತೊಡಗಿದರು. ನಾನು ಅಪ್ಪನಿಗೆ ಗಂಜಿ ಕುಡಿಸುತ್ತ "ಹುಷಾರಾಗ್ತದೆ ಅಪ್ಪ" ಎನ್ನುವುದನ್ನು ಕೇಳಿ, ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದರು: "ತಂಗೀ, ಹಂಗನ್ನಬ್ಯಾಡ್ರಿ. ಅವ್ರಿಗಿ ಎಲ್ಲಾ ಗೊತ್ತದ. ನೀವು ಹಂಗಂದ್ರ ಅವ್ರು ನಿಮ್ ಜೋಡಿ ಮಾತಾಡೋದೇ ಬಿಡ್ತಾರ."

ನನಗೆ ಸಿಟ್ಟು ಬಂತು. ಆದರೂ ಮರುದಿನ ಸುಮ್ಮನೆ ಅಪ್ಪನ ಪಕ್ಕ ಕೂತೆ. ಆಗ ಅಪ್ಪ ಸಭಾಹಿರಿಯರನ್ನು ಕೇಳಿದರು, "ನಂಗೆ ಕ್ಷಮೆ ಉಂಟಾ?"

ಅಪ್ಪನ ತಂಗಿ, ನನ್ನ ಅತ್ತೆ, ಮನೆಯವರ ಮಾತು ಮೀರಿ ಹಿಂದೂ ಹುಡುಗನನ್ನು ಮದುವೆಯಾಗಿದ್ದಳು. ಆ ಕೋಪಕ್ಕೆ, ಅಜ್ಜಿ ಸಾಯುವಾಗ ಅಪ್ಪ ಅವಳಿಗೆ ಸುದ್ದಿಯನ್ನೇ ಕಳಿಸಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಆ ದಿನ, ಅಪ್ಪ ಸಭಾಹಿರಿಯರಿಗೆ ಹೇಳಿಕೊಂಡಾಗಲೇ.

"ದೇವರ ಹತ್ರ ಕ್ಷಮಾ ಅದ, ಅಣ್ಣಾರ," ಎಂದರು ಅವರು. "ನಿಮ್ ತಂಗಿ ಹತ್ರಾನೂ ಕೇಳೋಣೇನ್ರಿ?"

ಅಪ್ಪ ಹೂಂ ಎಂದು ತಲೆಯಾಡಿಸಿದರು.

ಅತ್ತೆ ಇದ್ದದ್ದು ನವಿ ಮುಂಬಯಿಯ ನೆರೂಳದಲ್ಲಿ. ನಾನೂ ಸಭಾಹಿರಿಯರೂ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ ಹೋದೆವು. ಹೇಗೆ ಒಪ್ಪಿಸುತ್ತೀರಿ ಎಂದು ಕೇಳಿದೆ. "ಒಪ್ಪಿಸೋದಿಲ್ರಿ. ಅಣ್ಣಾರು ಹೇಳಿದ್ದಷ್ಟೇ ಹೇಳ್ತೀನಿ. ಬರೋದು ಬಿಡೋದು ಅವ್ರಿಗಿ ಬಿಟ್ಟದ್ದು." ಹಾಗೆಯೇ ಮಾಡಿದರು. ಅತ್ತೆ ಒಳಗೆ ಹೋದಳು. ಎರಡು ಸೀರೆ ತುಂಬಿದ ಚೀಲ ಹಿಡಿದು ಹೊರಗೆ ಬಂದಳು.

ಹಾಸಿಗೆಯ ಬಳಿ ನಿಂತು ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಮ್ಮ ಕಡೆಗೆ ಏನಾದ್ರೂ ಹೇಳಿದ್ಲಾ, ಅಣ್ಣ?"

"ನಿನ್ನ ಹೆಸರು ಹೇಳಿದ್ಲು," ಎಂದರು ಅಪ್ಪ. "ನಾನೇ ನಿಂಗೆ ಹೇಳ್ಲಿಲ್ಲ. ತಪ್ಪಾಯ್ತು."

ಅತ್ತೆ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹಿಂದೆ ಹೋಗುವಷ್ಟರಲ್ಲಿ ಸಭಾಹಿರಿಯರು ಕೈಸನ್ನೆಯಿಂದ ತಡೆದರು. ಮೂರು ನಾಲ್ಕು ಲೋಕಲ್‌ಗಳು ಸದ್ದು ಮಾಡುತ್ತ ಹಾದುಹೋದವು. ಅತ್ತೆ ಮುಖ ತೊಳೆದು ಬಂದು ನನ್ನ ಕೈಯಿಂದ ಗಂಜಿಯ ಚಮಚ ತೆಗೆದುಕೊಂಡಳು. ಆಮೇಲೆ ಅಪ್ಪ ಬದುಕಿದ್ದು ಒಂಬತ್ತು ದಿನ. ಅಣ್ಣತಂಗಿ ಬಾಲ್ಯದ ಕಥೆ ಹೇಳಿಕೊಂಡು ನಕ್ಕದ್ದೂ ಉಂಟು. ಕೊನೆಯ ಬೆಳಿಗ್ಗೆ ಸಭಾಹಿರಿಯರು ಕರ್ತನ ಪ್ರಾರ್ಥನೆ ಶುರು ಮಾಡಿದರು, ನಾವು ಮುಗಿಸಿದೆವು. ಅಪ್ಪ ನೆಮ್ಮದಿಯಿಂದ ಹೋದರು.

ಆ ಮೇಲೆ ಭಾನುವಾರಗಳಲ್ಲಿ ನಾನೂ ಅವರೊಡನೆ ಕಲ್ಯಾಣ, ಟಿಟ್ವಾಳಾದ ಮನೆಗಳಿಗೆ ಹೋಗತೊಡಗಿದೆ. ಸುಮ್ಮನೆ ಕೂರುವುದನ್ನು ಕಲಿಯಲಿಕ್ಕೇ ನನಗೆ ಒಂದು ವರ್ಷ ಹಿಡಿಯಿತು.

ಕಳೆದ ವರ್ಷ ಅವರೇ ಹಾಸಿಗೆ ಹಿಡಿದರು. ಕೊನೆಯ ವಾರ ನನ್ನನ್ನು ಕರೆಸಿ ಪ್ರಾರ್ಥನೆ ಮಾಡಲು ಹೇಳಿದರು. ನಾನು ಚರ್ಚಿನ ಕನ್ನಡದಲ್ಲಿ ಆರಂಭಿಸಿ ಎರಡೇ ಮಾತಿಗೆ ತಡವರಿಸಿದೆ.

"ನಿಮ್ ಮನೀ ಮಾತಿನ್ಯಾಗ ಮಾಡ್ರಿ, ತಂಗೀ."

"ತುಳು ನಿಮಗೆ ಅರ್ಥ ಆಗೋದಿಲ್ಲವಲ್ಲ?"

"ನನಗ್ಯಾಕ ತಿಳೀಬೇಕ್ರಿ? ಕೇಳೋನಿಗಿ ತಿಳೀತದ."

ಅಪ್ಪ ನನಗೆ ಕಲಿಸಿದ ಮಾತುಗಳಲ್ಲೇ ಪ್ರಾರ್ಥಿಸಿದೆ, ತುಸು ದೀರ್ಘವಾಗಿಯೇ. ಎಲ್ಲಿ ಮುಗಿಯಿತೆಂದು ಅವರಿಗೆ ಹೇಗೆ ತಿಳಿಯಿತೋ. ಸರಿಯಾದ ಜಾಗದಲ್ಲಿ ಆಮೆನ್ ಎಂದರು.