ಗೂಡಿನ ಬೀಗದಕೈ

ಕೂತಲ್ಲಿ ಕೂರಲಾರದ ಹೆಂಗಸು ಬೀದಿಗೊಬ್ಬಳಾದರೂ ಇರುತ್ತಾಳೆ. ಈ ಬೀದಿಯ ಪಾಲಿಗೆ ಬಂದವಳು ದರ್ಜಿ ಅತ್ತಿಗೆ. ಎಲ್ಲರ ಬಾಯಲ್ಲೂ ಅವಳು ಅತ್ತಿಗೆಯೇ, ನಿಜವಾದ ನಾದಿನಿ ಮಾತ್ರ ಒಬ್ಬಳೇ: ಅದೇ ಮನೆಯಲ್ಲಿದ್ದ, ಗಂಡನ ತಂಗಿ. ಗಂಡ ತೀರಿಕೊಂಡ ಮೇಲೆ ಅವನು ಸಾಕಿದ ಮೊಲಗಳೂ ಒಂದೊಂದಾಗಿ ಹೋದವು. ಉಳಿದಿದ್ದ ಒಂದೇ ಗಂಡು, ಬೂದು ಹೆಣ್ಣಿನ ಜೊತೆ ಕೂಡಿದ ಮರುದಿನವೇ ಸತ್ತಿತು. ಹೆಣ್ಣು ಗಬ್ಬವಾಗಿದ್ದರೆ ಅವನ ಮೊಲಗಳ ಸಂತತಿ ಉಳಿಯಿತು, ಇಲ್ಲವಾದರೆ ಅಲ್ಲಿಗೆ ಮುಗಿಯಿತು.

ಗಂಡ ಬದುಕಿದ್ದಾಗ, ಮೊಲ ಕೂಡಿದ ಮೇಲೆ ಎರಡು ವಾರ ಕಾದು, ಒಂದೇ ಒಂದು ಸಲ ಹೊಟ್ಟೆಯಡಿಗೆ ಕೈ ತೂರಿಸಿ ಬೆರಳ ತುದಿಯಲ್ಲಿ ಮೆಲ್ಲಗೆ ತಡವುತ್ತಿದ್ದ. ಒತ್ತಿದರೆ ಮರಿ ಹೋಗುತ್ತದೆ ಎನ್ನುತ್ತಿದ್ದ. ಅತ್ತಿಗೆಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ವಾರ ತುಂಬುವ ಮೊದಲೇ ಕೈ ಹಾಕಿದಳು. ಗಟ್ಟಿ ಮಣಿಗಳಂಥವು ಸಿಕ್ಕವು. "ಇದೆ ಕಣೇ, ಸಾಲಾಗಿ ಇದೆ!" ಎಂದು ಬೀದಿಗೆಲ್ಲ ಡಂಗುರ ಸಾರಿದಳು. ಮರುದಿನ ತಡವಿದರೆ ಒಂದೂ ಇಲ್ಲ.

ನಾದಿನಿ ಗೂಡಿನ ಕೆಳಗಿದ್ದ ತಟ್ಟೆ ಎಳೆದು ತೋರಿಸಿದಳು. "ನಿಮ್ಮ ಮರಿಗಳು ಇಲ್ಲಿವೆ ನೋಡಿ ಅತ್ತಿಗೆ." ತಟ್ಟೆಯ ತುಂಬ ಹಿಕ್ಕೆ.

ಅತ್ತಿಗೆಗೆ ನಗು ಬರಲಿಲ್ಲ. ಹೊತ್ತಿಗೊಂದು ಸಲ ಹೋಗಿ ತಡವತೊಡಗಿದಳು. ಅವಳ ಹೆಜ್ಜೆ ಸಪ್ಪಳ ಕೇಳಿದರೆ ಮೊಲ ಮೂಲೆ ಸೇರುತ್ತಿತ್ತು. ಕೊನೆಗೆ ನಾದಿನಿ ಗೂಡಿಗೆ ಬೀಗ ಜಡಿದು, ಬೀಗದಕೈಯನ್ನು ದಾರಕ್ಕೆ ಪೋಣಿಸಿ ತನ್ನ ಕೊರಳಿಗೆ ಹಾಕಿಕೊಂಡಳು. "ಮೇವು ನಾನೇ ಹಾಕ್ತೀನಿ. ಎರಡು ವಾರ ಆಗೋವರೆಗೂ ಕೇಳ್ಬೇಡಿ."

ಅತ್ತಿಗೆಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಸಮಾಧಾನವಿಲ್ಲ. ಅಂಚೆಯವನ ಅಂಗಿಯ ಎಡತೋಳನ್ನು ಬಲಕ್ಕೆ ಹೊಲಿದಳು. ಬಿಚ್ಚಿ ಮತ್ತೆ ಅಲ್ಲಿಗೇ ಹೊಲಿದಳು. ತಾನೇ ಒತ್ತಿ ಕೊಂದುಬಿಟ್ಟೆನೋ ಏನೋ ಎಂಬ ಭಯ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಆ ದಿನ ಬಂತು. ನಾದಿನಿ ಬೀಗ ತೆಗೆದಳು. ಅತ್ತಿಗೆ ಕೈ ಚಾಚಿದಳು, ಮತ್ತೆ ಹಿಂದಕ್ಕೆ ಎಳೆದುಕೊಂಡಳು.

"ನನ್ನಿಂದಾಗಲ್ಲ ಕಣೇ. ನೀನೇ ನೋಡು."

"ನಾನಾ? ಅಣ್ಣ ಮೊಲಾನ ಮುಟ್ಟೋಕೇ ನನ್ನ ಬಿಡ್ತಿರ್ಲಿಲ್ಲ."

"ಈಗ ಬೈಯೋಕೆ ಅವರಿಲ್ವಲ್ಲ."

ನಾದಿನಿ ಕಣ್ಣು ಮುಚ್ಚಿ ತಡವಿದಳು. "ಮೆತ್ತಗಿದೆ ಅತ್ತಿಗೆ, ದ್ರಾಕ್ಷಿ ತರ. ಬೆರಳಿಗೆ ಸಿಕ್ಕಿ ಜಾರ್ಕೊಳ್ತಿದೆ. ಇಲ್ಲೊಂದು... ಇಲ್ಲಿನ್ನೊಂದು..." ಅವಳ ಮುಚ್ಚಿದ ಕಣ್ಣಿಂದ ನೀರಿಳಿಯಿತು.

"ಸಾಕು, ಕೈ ತೆಗಿ!" ಅತ್ತಿಗೆ ಕೂಗಿದಳು. ತಾನೇ ಬೀಗ ಹಾಕಿ, ಬೀಗದಕೈಯನ್ನು ನಾದಿನಿಯ ಕೊರಳಿಗೆ ತೊಡಿಸಿದಳು. "ಮರಿ ಹಾಕೋವರೆಗೂ ಇದನ್ನ ಕೊಡಬೇಡ. ನಾನು ಅತ್ತರೂ ಕೊಡಬೇಡ, ಕಾಲಿಗೆ ಬಿದ್ದರೂ ಕೊಡಬೇಡ."

ನಾದಿನಿ ಕಣ್ಣೊರೆಸಿಕೊಂಡು ಹಿತ್ತಲ ಬಾಗಿಲು ದಾಟಿರಲಿಲ್ಲ, ಹಿಂದಿನಿಂದ ದನಿ ಬಂತು.

"ಏನೇ, ನಿಜವಾಗ್ಲೂ ಮೆತ್ತಗಿತ್ತಾ?"