ಗುಣವತಿಯಕ್ಕನ ಸುಪ್ರೀಂ ಕೋರ್ಟು

ಕಟಪಾಡಿ ಪೇಟೆಯ ಟೈಲರ್ ಗುಣವತಿಯಕ್ಕನ ಅಂಗಡಿಗೆ ಹೋದರೆ ಮೊದಲು ಕೇಳಿಸುವುದು ಅಕ್ಕನ ದನಿಯಲ್ಲ, ದಿಲ್ಲಿಯ ಯಾರೋ ಹಿರಿಯ ವಕೀಲರದು. ನೂಲಿನ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಸುಪ್ರೀಂ ಕೋರ್ಟಿನ ವಿಚಾರಣೆ ನೇರವಾಗಿ ಬರುತ್ತಿರುತ್ತದೆ. ವಕೀಲರು ವಾದಕ್ಕೆ ಎದ್ದರೆ ಹೊಲಿಗೆ ಮಿಷನ್ನಿನ ಮೇಲಿನ ಕಾಲು ನಿಂತುಬಿಡುತ್ತದೆ, ಅವರು ಕೂತ ಮೇಲೆಯೇ ಮತ್ತೆ ಓಡುವುದು. ಹಾಗಾಗಿ ಮದುವೆ ಇಟ್ಟುಕೊಂಡವರು ರವಿಕೆ ಬಟ್ಟೆ ಕೊಡುವ ಮೊದಲು ಕೋರ್ಟಿಗೆ ರಜೆ ಯಾವಾಗ ಎಂದು ವಿಚಾರಿಸುತ್ತಾರೆ. ಅಕ್ಕನಿಗೆ ಇಂಗ್ಲಿಷು ಅರ್ಧ ತಿಳಿದರೆ ಹೆಚ್ಚು. ಆದರೆ ಅದು ವೇಷ, ಕುಣಿತವಿಲ್ಲದೆ ಪದ್ಯ ಮತ್ತು ವಾದದಲ್ಲೇ ನಡೆಯುವ ತಾಳಮದ್ದಳೆಯನ್ನು ರಾತ್ರಿಯಿಡೀ ಕೂತು ಕೇಳಿದ ಕಿವಿ, ವಾದದ ಏರಿಳಿತ ಅದಕ್ಕೆ ತಪ್ಪುವುದಿಲ್ಲ. "ಪೀಠಿಕೆ ಎಷ್ಟು ಉದ್ದ ಮಾರಾಯ್ರೆ, ವಿಷಯಕ್ಕೆ ಬನ್ನಿ" ಎಂದು ಮೊಬೈಲನ್ನು ಗದರಿಸುತ್ತಾರೆ. ಒಬ್ಬರ ವಾದದ ನಡುವೆ ಇನ್ನೊಬ್ಬ ವಕೀಲರು ಬಾಯಿ ಹಾಕಿದರೆ, "ನಮ್ಮ ತಾಳಮದ್ದಳೆಯಲ್ಲಾದರೆ ಭಾಗವತರು ಪದ್ಯ ಎತ್ತಿ ಇವರನ್ನು ಸುಮ್ಮನಾಗಿಸುತ್ತಿದ್ದರು, ಅಲ್ವಾ?" ಎಂದು ಗಿರಾಕಿಯ ಅಭಿಪ್ರಾಯ ಕೇಳುತ್ತಾರೆ. ವಿಚಿತ್ರವೆಂದರೆ, ಇಷ್ಟೆಲ್ಲ ಕೇಳಿದ ಕೇಸಿನ ತೀರ್ಪು ಬರುವ ದಿನ ಅಕ್ಕ ಮೊಬೈಲನ್ನೇ ಮುಟ್ಟುವುದಿಲ್ಲ. ಯಾಕೆಂದು ನಾನೊಮ್ಮೆ ಕೇಳಿಯೇಬಿಟ್ಟೆ. ಸೂಜಿಗೆ ನೂಲು ಪೋಣಿಸುತ್ತಲೇ ಹೇಳಿದರು: "ನಮ್ಮ ಮನೆ ಜಾಗದ ಕೇಸು ಅಲ್ಲಿವರೆಗೆ ಹೋಗಿತ್ತು. ಆಗ ಈ ಲೈವ್ ಎಲ್ಲ ಇರಲಿಲ್ಲ. ತೀರ್ಪು ಮನೆ ಬಾಗಿಲಿಗೇ ಬಂತು, ಸೋತದ್ದು ಗೊತ್ತಾಯಿತು. ನಮ್ಮ ಪರವಾಗಿ ಅಲ್ಲಿ ಎಂತ ಹೇಳಿದರು ಅಂತ ಮಾತ್ರ ಇವತ್ತಿಗೂ ಗೊತ್ತಿಲ್ಲ."