ಹಟ್ಟಿಕೇರಿಯ ಎದುರುಗಾಳಿಯಲ್ಲಿ ಮುಂದಿದ್ದ ಸೈಕಲ್ಲು

ನಾವು ನಾಲ್ಕು ಜನ. ಸುಬೇದಾರ್ ಬೀರಣ್ಣ ನಾಯಕರು ಅಂಕೋಲೆಯ ಕಡೆಯವರು, ಸೈನ್ಯದಲ್ಲಿ ಅರ್ಧ ಆಯುಷ್ಯ ಕಳೆದು ಊರಿಗೆ ಬಂದವರು. ಉಮಾಕಾಂತ ಕಾರವಾರ ಬಂದರಿನಲ್ಲಿ ಮೀನಿನ ವ್ಯಾಪಾರ ಮಾಡುವವನು, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ಸುಲಕ್ಷಾ ತಾಲೂಕು ಕಚೇರಿಯಲ್ಲಿ ಕೆಲಸ ಮಾಡುವವಳು. ಅವಳ ಗಂಡ ಸೈನ್ಯದಲ್ಲಿದ್ದಾಗಲೇ ತೀರಿಕೊಂಡು ಈ ಸಂಗತಿ ನಡೆಯುವಾಗ ಆರು ವರ್ಷವಾಗಿತ್ತು. ನಾಲ್ಕನೆಯವನು ನಾನು, ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಈ ನಾಲ್ವರಲ್ಲಿ ಯಾರೂ ಸುಳ್ಳು ಹೇಳುವ ಜನವಲ್ಲ ಎಂದು ಇವತ್ತಿಗೂ ನಂಬಿದ್ದೇನೆ. ಹಾಗೆ ನಂಬಿದ್ದೇ ತೊಂದರೆಗೆ ಬಂದಿರುವುದು.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಂಥ ಸಂಗತಿ ಹೇಳುವವರನ್ನು ಕಂಡರೆ ನಗುತ್ತಿದ್ದವನು ನಾನು. ನನ್ನ ಅಜ್ಜಿ ಕಥೆ ಹೇಳಲು ಕೂತರೆ ಓಣಿಯ ಜನ ಒಲೆಯ ಮೇಲಿನ ಅನ್ನ ಮರೆಯುತ್ತಿದ್ದರು. ನನಗೆ ಇರುವ ನಾಲ್ಕು ಮಾತೂ ಅವಳ ಬಾಯಿಂದ ಬಂದದ್ದೇ. ಆದರೆ ದಂಡೆಯ ಮೇಲೆ ತಾನು ಕಂಡದ್ದು, ಕೇಳಿದ್ದು ಎಂದು ಅವಳು ದನಿ ತಗ್ಗಿಸಿದ ಕೂಡಲೇ, 'ಅಜ್ಜೀ, ಅವತ್ತು ನಿಂಗೆ ಕಣ್ಣಿಗೆ ಪೊರೆ ಬಂದಿತ್ತಾ?' ಎಂದು ಕಾಡಿಸುತ್ತಿದ್ದೆ. ಈಗ ಅವಳಿಲ್ಲ. ಇದ್ದಿದ್ದರೆ ಇದನ್ನು ಮೊದಲು ಅವಳಿಗೇ ಹೇಳುತ್ತಿದ್ದೆ. ಅವಳು ನನ್ನನ್ನು ಸುಮ್ಮನೆ ಬಿಡುತ್ತಲೂ ಇರಲಿಲ್ಲ.

ಇದು ಕೆಲವು ವರ್ಷಗಳ ಹಿಂದಿನ ಮಾತು. ಕಾರವಾರದಿಂದ ಕನ್ಯಾಕುಮಾರಿಯವರೆಗೆ ಸೈಕಲ್ಲಿನಲ್ಲಿ ಹೋಗಬೇಕು, ದಾರಿಯ ಊರುಗಳಲ್ಲಿ ನಿಂತು ಜನರನ್ನು ಕೇಳಿ, ಗಾಯಗೊಂಡು ನಡೆಯಲಾರದೆ ಉಳಿದ ಸೈನಿಕರಿಗೆ ಗಾಲಿಕುರ್ಚಿ ಒದಗಿಸಬೇಕು ಎಂಬುದು ಸುಬೇದಾರರ ಯೋಚನೆ. ನಾನು ಸೇರಿದ್ದು ನನ್ನ ತಮ್ಮ ಮೋಹನನ ಸಲುವಾಗಿ. ಗುಡ್ಡದ ದಾರಿಯಲ್ಲಿ ಸೈನ್ಯದ ಟ್ರಕ್ಕು ಮಗುಚಿ ಅವನ ಸೊಂಟದ ಕೆಳಗಿನ ಸ್ವಾಧೀನ ಹೋಗಿತ್ತು. ಹಬ್ಬುವಾಡದ ನಮ್ಮ ಮನೆಯಲ್ಲಿ ನನ್ನೊಟ್ಟಿಗೇ ಇದ್ದಾನೆ. ಸೈಕಲ್ ಯಾತ್ರೆಯ ಸುದ್ದಿ ಕೇಳಿದ ದಿನ ಅವನು, 'ದಾದಾ, ನೀ ಹೋಗು. ನನ್ನ ಪಾಲಿಂದೂ ನೀನೇ ತುಳಿ' ಎಂದ. ಐವತ್ತೆರಡನೆಯ ವಯಸ್ಸಿನಲ್ಲಿ, ಮೆಟ್ಟಿಲು ಹತ್ತಿದರೆ ಸದ್ದು ಮಾಡುವ ಮೊಣಕಾಲು ಇಟ್ಟುಕೊಂಡು ನಾನು ಸೈಕಲ್ ಹತ್ತಿದ್ದಕ್ಕೆ ಬೇರೆ ಕಾರಣವಿಲ್ಲ.

ಮೂರು ತಿಂಗಳು ಬೆಳಗಿನ ತಾಲೀಮು ನಡೆಯಿತು. ಕೊನೆಗೆ ಒಂದು ಪರೀಕ್ಷೆ. ಕಾರವಾರದಿಂದ ಅಂಕೋಲೆಗೆ ಹೋಗಿ ನಾಲ್ಕು ತಾಸಿನೊಳಗೆ ತಿರುಗಿ ಬರಬೇಕು. ಬಾರದವರು ಮನೆಯಲ್ಲಿರಬೇಕು. ಸುಬೇದಾರರ ಮಾತು ಎಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಇನ್ನೊಂದು ನಿಯಮವೂ ಇತ್ತು. ಸೈಕಲ್ಲಿನವರಿಗೆ ಇದು ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಮುಂದಿನ ಸೈಕಲ್ಲಿನ ಹಿಂದಿನ ಗಾಲಿಗೆ ತಾಗುವಷ್ಟು ಹತ್ತಿರ ಅಂಟಿಕೊಂಡು ಹೋದರೆ ಗಾಳಿಯ ಪೆಟ್ಟೆಲ್ಲ ಮುಂದಿನವನಿಗೆ, ಹಿಂದಿನವನು ಆರಾಮಾಗಿ ಸಾಗುತ್ತಾನೆ. ಇದನ್ನು ನಾವು ಮರೆ ಹಿಡಿಯುವುದು ಎನ್ನುತ್ತಿದ್ದೆವು. ಯಾತ್ರೆಯಲ್ಲಿ ಸರದಿಯ ಮೇಲೆ ಒಬ್ಬರಿಗೊಬ್ಬರು ಮರೆ ಕೊಡಬಹುದು. ಪರೀಕ್ಷೆಯಲ್ಲಿ ಕೂಡದು, ಪ್ರತಿಯೊಬ್ಬರೂ ಒಂಟಿಯಾಗಿಯೇ ಹೋಗಿ ಬರಬೇಕು.

'ಪರೀಕ್ಷೆ ದಿವಸ ಮರೆ ಹಿಡದ್ರೆ ಅದು ಕಾಪಿ ಹೊಡದ ಹಾಂಗೇ ಮಾಸ್ತರೇ. ನಿಮಗೆ ನಾ ಹೇಳೂದು ಬ್ಯಾಡ' ಎಂದರು ಸುಬೇದಾರರು.

ಉಮಾಕಾಂತ ಬಿಡುತ್ತಾನೆಯೇ? 'ಸಾಹೇಬ್ರೇ, ಕಾಪಿ ಹೊಡೂದು ನಮಗೆ ಕಲ್ಸದ್ದೇ ಇವ್ರು. ಬೋರ್ಡಿನ ಮೇಲೆ ಹೂಜಿ ಬರೆದು, ಇದ್ನ ನೋಡ್ಕಂಡೇ ತೆಗೀರೋ ಅಂತಿದ್ರು.'

ಪರೀಕ್ಷೆಯ ಭಾನುವಾರ ಬೆಳಿಗ್ಗೆ ಆರೂಕಾಲಿಗೆ ಉಮಾಕಾಂತ ಹೊರಟ, ಆರೂವರೆಗೆ ಸುಲಕ್ಷಾ, ಆರೂ ಮುಕ್ಕಾಲಿಗೆ ನಾನು. ಸುಬೇದಾರರು ಹಿಂದಿನ ವಾರವೇ ತಮ್ಮದನ್ನು ಮುಗಿಸಿ, ಈಗ ಗಡಿಯಾರ ಮತ್ತು ನೋಟ್‌ಬುಕ್ಕು ಹಿಡಿದು ಕಾರವಾರದಲ್ಲಿ ನಿಂತಿದ್ದರು. ಅಂಕೋಲೆಯ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಅವರ ಭಾವ ಕೂತು, ನಾವು ಮುಟ್ಟಿದ ಹೊತ್ತನ್ನು ಚೀಟಿಯಲ್ಲಿ ಬರೆದು ಸಹಿ ಮಾಡಿ ಕೊಡುವುದು ಎಂದು ಏರ್ಪಾಡಾಗಿತ್ತು.

ನಾನು ಅಂಕೋಲೆ ಮುಟ್ಟುವಾಗಲೇ ಎರಡು ತಾಸು ಐದು ನಿಮಿಷ ಕಳೆದಿತ್ತು. ಭಾವ ಚೀಟಿ ಕೊಟ್ಟು, ಚಹಾ ಕುಡಿಸಿ, 'ಗಾಳಿ ಎದ್ದದೆ ಮಾಸ್ತರೇ, ಸಾವಕಾಶ ಹೋಗಿ' ಎಂದರು. ಸಾವಕಾಶ ಹೋಗಲು ನನ್ನ ಹತ್ತಿರ ಸಮಯವೆಲ್ಲಿತ್ತು? ಒಂಬತ್ತಕ್ಕೆ ಮತ್ತೆ ಸೈಕಲ್ ಹತ್ತಿದೆ. ಹತ್ತೂ ಮುಕ್ಕಾಲಿನೊಳಗೆ ಕಾರವಾರದಲ್ಲಿರಬೇಕು. ಕಡಲ ಗಾಳಿ ಸಾಮಾನ್ಯವಾಗಿ ಹೊತ್ತೇರಿದ ಮೇಲೆ ಏಳುವಂಥದ್ದು, ಅಂದು ಬೇಗನೆ ಎದ್ದು ಸೀದಾ ಎದುರಿಗೆ ಬಡಿಯುತ್ತಿತ್ತು. ಹಟ್ಟಿಕೇರಿ ದಾಟುವಾಗ ತುಳಿದರೂ ಸೈಕಲ್ಲು ಕದಲುತ್ತಿಲ್ಲ ಎನಿಸಿತು. ಮೋಹನನಿಗೆ ಏನು ಹೇಳುವುದು ಎಂದು ಮನಸ್ಸಿನಲ್ಲೇ ವಾಕ್ಯ ಕಟ್ಟತೊಡಗಿದೆ.

ಆಗ ಮುಂದೆ ಒಂದು ಸೈಕಲ್ಲು ಕಂಡಿತು.

ನಮ್ಮದೇ ಬಿಳಿ ಅಂಗಿ. ಬೆನ್ನಿನ ಮೇಲೆ ದೊಡ್ಡದೊಂದು ಚಕ್ರ, ಅದನ್ನು ಹಿಡಿದ ಎರಡು ಕೈ. ಆ ಚಿತ್ರ ಬರೆದವನೇ ನಾನು, ಕಾರವಾರದಲ್ಲಿ ನಾಲ್ಕೇ ಅಂಗಿಗೆ ಅಚ್ಚು ಹಾಕಿಸಿದ್ದೆವು. ಸುಲಕ್ಷಾಳಾಗಿದ್ದರೆ ಜಡೆ ಕಾಣುತ್ತಿತ್ತು. ಇದು ಗಂಡಸಿನ ಬೆನ್ನು, ಅಗಲ ಭುಜ. ಉಮಾಕಾಂತನೇ, ಹಳೇ ಮಾಸ್ತರನಿಗಾಗಿ ಕಾದಿದ್ದಾನೆ ಎಂದುಕೊಂಡೆ. 'ಉಮಾ!' ಎಂದು ಕೂಗಿದೆ. ಅವನು ತಿರುಗಲಿಲ್ಲ. ಗಾಳಿ ನನ್ನ ಕೂಗನ್ನು ನನ್ನ ಬೆನ್ನ ಹಿಂದಕ್ಕೇ ಒಯ್ದಿರಬೇಕು.

ಬೇಕಿದ್ದರೆ ನಾನು ಹಿಂದೆಯೇ ಉಳಿಯಬಹುದಿತ್ತು. ಅವನನ್ನು ದಾಟಲೂ ಯತ್ನಿಸಬಹುದಿತ್ತು. ಎರಡನ್ನೂ ಮಾಡಲಿಲ್ಲ. ಜೀವಮಾನವಿಡೀ ಮಕ್ಕಳಿಗೆ ಪರೀಕ್ಷೆಯಲ್ಲಿ ನೋಡಿ ಬರೆಯಬೇಡಿ ಎಂದವನು, ಹಲ್ಲು ಕಚ್ಚಿ ತುಳಿದು ಹೋಗಿ ಅವನ ಹಿಂದಿನ ಗಾಲಿಯ ಮರೆ ಹಿಡಿದೆ. ಕಿಟಕಿ ಮುಚ್ಚಿದ ಹಾಗೆ ಗಾಳಿ ನಿಂತಿತು. ಕಿವಿಯಲ್ಲಿ ಭೋರೆನ್ನುತ್ತಿದ್ದದ್ದು ಅಡಗಿ ನನ್ನದೇ ಚೈನಿನ ಸದ್ದು ಕೇಳತೊಡಗಿತು. ಕಣ್ಣು ಮೋಸ ಹೋಗಬಹುದು, ಮೊಣಕಾಲು ಹೋಗುವುದಿಲ್ಲ. ಅಲ್ಲಿಂದ ಮುಂದೆ ನನ್ನ ಮೊಣಕಾಲು ನೋಯಲಿಲ್ಲ.

ಏರು ಬಂದಲ್ಲಿ ಅವನು ನನ್ನ ಉಸಿರಿಗೆ ತಕ್ಕಷ್ಟು ನಿಧಾನಿಸಿದ, ಇಳಿತದಲ್ಲಿ ತಪ್ಪಿಸಿಕೊಂಡು ಹೋಗಲಿಲ್ಲ. ರಸ್ತೆಯಲ್ಲಿ ಕಲ್ಲೋ ಗುಂಡಿಯೋ ಬಂದರೆ ನಾವು ತಾಲೀಮಿನಲ್ಲಿ ಮಾಡುತ್ತಿದ್ದಂತೆ ಕೈಯನ್ನು ಬೆನ್ನ ಹಿಂದೆ ತಂದು ಬೆರಳಿನಿಂದ ತೋರಿಸುತ್ತಿದ್ದ. ಅವರ್ಸೆಯ ಆಚೆ ಒಡೆದ ಬಾಟಲಿಯ ಗಾಜು ಬಿದ್ದಿತ್ತು. ಅವನ ಬೆರಳು ಕಂಡದ್ದರಿಂದ ನಾನು ಪಕ್ಕಕ್ಕೆ ಸರಿದೆ. ಆ ಗಾಜನ್ನು ನಾನು ಈ ಕಣ್ಣಿಂದ ಕಂಡಿದ್ದೇನೆ.

ಅಮದಳ್ಳಿಯ ಹತ್ತಿರ ಬಂದಾಗ ಅವನು ಎಡಕ್ಕೆ ಸರಿದು, ಮುಂದೆ ಹೋಗು ಎಂದು ಕೈಯಾಡಿಸಿದ. ನಾನು ದಾಟಿ ಹೋದೆ. ಒಂದು ಮಾರು ಅಂತರದಲ್ಲಿ ದಾಟಿದೆ, ಆದರೆ ಅವನ ಮುಖ ನೋಡಲಿಲ್ಲ. ಯಾಕೆ ನೋಡಲಿಲ್ಲ ಎಂದು ಎಷ್ಟೋ ಜನ ಕೇಳಿದ್ದಾರೆ. ಶಿಷ್ಯನ ಮರೆಯಲ್ಲಿ ಕಳ್ಳನ ಹಾಗೆ ಬಂದ ಮಾಸ್ತರ ಯಾವ ಮುಖ ಇಟ್ಟುಕೊಂಡು ಅವನ ಮುಖ ನೋಡಬೇಕು? ತಲೆ ತಗ್ಗಿಸಿ ತುಳಿದೆ.

ಕಾರವಾರ ಮುಟ್ಟಿದಾಗ ಇನ್ನೂ ಐದು ನಿಮಿಷ ಉಳಿದಿತ್ತು. ಸೈಕಲ್ಲಿನಿಂದ ಇಳಿದವನು ಹಾಗೇ ನಿಂತೆ. ಕಟ್ಟೆಯ ಮೇಲೆ ಸುಲಕ್ಷಾಳ ಪಕ್ಕದಲ್ಲಿ ಉಮಾಕಾಂತ ಕೂತಿದ್ದ. ತಲೆಗೆ ನೀರು ಹೊಯ್ದುಕೊಂಡು, ಬೇರೆ ಅಂಗಿ ತೊಟ್ಟು, ಮುರುಗಲ ಪಾನಕ ಕುಡಿಯುತ್ತಿದ್ದ. ಅವನ ಬಿಳಿ ಅಂಗಿ ಸೈಕಲ್ಲಿನ ಹ್ಯಾಂಡಲ್ ಮೇಲೆ ಒಣಗಿ ಗರಿಗರಿಯಾಗಿತ್ತು.

ಸುಬೇದಾರರು ನನ್ನ ಚೀಟಿ ನೋಡಿದರು, ಗಡಿಯಾರ ನೋಡಿದರು, ಮತ್ತೆ ಚೀಟಿ ನೋಡಿದರು.

'ಹೋಗ್ತಾ ಎರಡು ತಾಸು ಐದು ನಿಮಿಷ. ಬರ್ತಾ ಒಂದು ತಾಸು ನಲವತ್ತು. ಈ ಗಾಳಿಲಿ?'

'ಹೌದು' ಎಂದೆ.

'ಹೌದಾ? ಸುಲಕ್ಷಾಗೇ ಬರೂಕೆ ಎರಡು ತಾಸು ಹಿಡೀತು. ಮಾಸ್ತರೇ, ಟೆಂಪೋ ಎಲ್ಲಿ ಸಿಕ್ತು?'

ಅವರು ನಗುತ್ತಿರಲಿಲ್ಲ. ಉಮಾಕಾಂತನ ಮೀನಿನ ಟೆಂಪೋ ದಿನಾ ಬೆಳಿಗ್ಗೆ ಅಂಕೋಲೆಗೆ ಹೋಗಿ ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ. 'ನಾನು ಯಾವ ಗಾಡಿಯನ್ನೂ ಹತ್ತಲಿಲ್ಲ' ಎಂದೆ. ಅದು ನಿಜ. ಆದರೆ ಪೂರ್ತಿ ನಿಜವಲ್ಲ ಎಂದು ನನಗೆ ಗೊತ್ತಿತ್ತು, ಅವರಿಗೂ ಏನೋ ವಾಸನೆ ಬಡಿದಿತ್ತು. ಹೊತ್ತನ್ನು ಬರೆದುಕೊಂಡು ಪುಸ್ತಕ ಮುಚ್ಚಿದರು.

ಉಮಾಕಾಂತನನ್ನು ಪಕ್ಕಕ್ಕೆ ಕರೆದೆ. 'ಯಾರಿಗೆ ನಿನ್ನ ಅಂಗಿ ತೊಡಿಸಿ ಕಳಿಸಿದ್ದೆ? ನಾನು ಸೋಲ್ತೇನೆ ಅಂತ ಹೇಳಿ ನಿನ್ನ ಡ್ರೈವರನ್ನ ಮುಂದೆ ಬಿಟ್ಟಿದ್ಯಾ?'

'ಎಂತದು ಸರ್? ನಾ ಒಂಬತ್ತೂವರೆಗೇ ಇಲ್ಲಿದ್ದೆ. ಸುಬೇದಾರರೇ ಬರ್ಕಂಡಾರೆ. ನನ್ನ ಮೈಮೇಲಿದ್ದ ಅಂಗಿ ಮತ್ತೊಬ್ಬ್ರ ಮೈಮೇಲೆ ಹ್ಯಾಂಗೆ ಇರ್ತದೆ?' ಎಂದ. ಎಲ್ಲವನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಅವನ ಮುಖ ಬಾಡಿತು. 'ಸರ್, ನಿಮಗೆ ಸಹಾಯ ಮಾಡೂದಾದ್ರೆ ಎದ್ರಿಗೆ ನಿತ್ಕಂಡೇ ಮಾಡ್ತೆ. ಕದ್ದು ಮಾಡೂದಿಲ್ಲ. ನನ್ನ ಇಷ್ಟೇ ತಿಳ್ಕಂಡ್ರಾ?'

ನಾನು ಅಷ್ಟಕ್ಕೂ ಬಿಡಲಿಲ್ಲ. ಅಚ್ಚು ಹಾಕಿದವನ ಅಂಗಡಿಗೆ ಹೋಗಿ ಐದನೆಯ ಅಂಗಿ ಯಾರಿಗೆ ಕೊಟ್ಟೆ ಎಂದು ದಬಾಯಿಸಿದೆ. ಅವನು, 'ನಾಲ್ಕೇ ಬಟ್ಟೆ ತಂದುಕೊಟ್ಟವ್ರು ನೀವು, ಐದನೇದು ಎಲ್ಲಿಂದ ತರ್ಲಿ? ಅದೂ ಅಲ್ದೆ ಚಕ್ರದ ಒಂದು ಕಡ್ಡಿ ಮೂಡಲಿಲ್ಲ ಅಂತ ಅವತ್ತೇ ಜಗಳ ಮಾಡಿ ಹೋಗಿದ್ರಿ' ಎಂದ. ಹೌದು, ನಾಲ್ಕು ಅಂಗಿಯಲ್ಲೂ ಒಂದು ಕಡ್ಡಿ ಬಿಟ್ಟುಹೋಗಿತ್ತು. ಅವನು ಹಾಗೆಂದಾಗಲೇ ನನಗೆ ಹೊಳೆದದ್ದು. ಹಟ್ಟಿಕೇರಿಯಿಂದ ಅಮದಳ್ಳಿಯವರೆಗೆ ನನ್ನ ಕಣ್ಣೆದುರಿಗಿದ್ದ ಚಕ್ರದಲ್ಲಿ ಕಡ್ಡಿಗಳೆಲ್ಲ ಇದ್ದವು. ಸ್ವಂತ ಚಿತ್ರ ಸರಿಯಾಗಿದೆಯೇ ಇಲ್ಲವೇ ಎಂಬುದು ಬರೆದವನಿಗೆ ತಿಳಿಯುತ್ತದೆ.

ಮನೆಗೆ ಬಂದರೆ ಮೋಹನ ಬಾಗಿಲಲ್ಲೇ ಇದ್ದ. ಸುದ್ದಿ ನನಗಿಂತ ಮೊದಲೇ ತಲುಪಿತ್ತು.

'ದಾದಾ, ಖರೇ ಹೇಳು. ಟೆಂಪೋದಲ್ಲಿ ಬಂದ್ಯಾ?'

ಸುಬೇದಾರರು ಕೇಳಿದ್ದಕ್ಕಿಂತ ಇದು ಹೆಚ್ಚು ತಾಗಿತು. ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಮುಂದಿದ್ದವನು ಯಾರು ಎಂದು ಅವನು ಕೇಳಲೇ ಇಲ್ಲ. 'ಮರೆ ಹಿಡದದ್ದು ಹೌದಲ್ಲ? ಹೋಗಿ ಸುಬೇದಾರರಿಗೆ ಹೇಳು' ಎಂದ.

'ಹೇಳಿದ್ರೆ ನನ್ನ ಬಿಟ್ಟು ಹೋಗ್ತಾರೆ.'

'ಹೇಳ್ದೇ ಹೋಗೂದಾದ್ರೆ ನನ್ನ ಪಾಲಿಂದು ತುಳೀಬ್ಯಾಡ.'

ಮರುದಿನ ಸಂಜೆ ಮೂವರ ಎದುರಿಗೂ ಹೇಳಿದೆ. 'ಯಾರ ಮರೆ?' ಎಂದರು ಸುಬೇದಾರರು. 'ಗೊತ್ತಿಲ್ಲ' ಎಂದೆ. ಓದುತ್ತಿರುವ ನಿಮ್ಮ ಮನಸ್ಸಿನಲ್ಲಿ ಈಗ ಏನು ಬಂದಿದೆಯೋ ಅದು ಆಗ ನನ್ನ ಮನಸ್ಸಿನಲ್ಲೂ ಬಂದಿತ್ತು. ನನಗರಿವಿಲ್ಲದೆ ಸುಲಕ್ಷಾಳ ಕಡೆ ನೋಡಿದೆ.

ಅವಳು ಚುರುಕಿನ ಹೆಂಗಸು. 'ನನ್ನ ಮುಖ ಎಂತಕ್ಕೆ ನೋಡೂದು ಮಾಸ್ತರೇ? ನಮ್ಮವ್ರಿಗೆ ಸೈಕಲ್ಲೇ ಬರ್ತಿರಲಿಲ್ಲ. ಮದುವೆ ಹೊಸತ್ರಲ್ಲಿ ನನ್ನ ಹಿಂದೆ ಕೂರ್ಸ್ಕಂಡು ಹೋಗ್ತೆ ಅಂತ ಹೇಳಿ ಇಬ್ರೂ ಗದ್ದೆಗೆ ಬಿದ್ದಿದ್ವಿ. ಅವ್ರು ಬಂದ್ರೂ ನಡ್ಕಂಡೇ ಬರ್ತ್ರು' ಎಂದಳು. ಎಲ್ಲರೂ ನಕ್ಕೆವು. ನಕ್ಕು ಮುಗಿದ ಮೇಲೂ ಸುಬೇದಾರರ ಹುಬ್ಬು ಸಡಿಲಾಗಲಿಲ್ಲ. ಮುಂದಿನ ಭಾನುವಾರ ಇನ್ನೊಂದು ಪರೀಕ್ಷೆ, ತಾವೇ ಸ್ಕೂಟರಿನಲ್ಲಿ ಹಿಂದೆ ಬರುವುದಾಗಿ ಹೇಳಿದರು.

ಹಾಗೇ ಆಯಿತು. ಹಟ್ಟಿಕೇರಿಯಿಂದ ಮುಂದೆ ಇಡೀ ದಾರಿ ನಾನು ಆ ಬಿಳಿ ಅಂಗಿಗಾಗಿ ನೋಡಿದೆ. ಲಾರಿ, ಬಸ್ಸು, ಹೆದ್ದಾರಿ ದಾಟುವ ದನಗಳು. ಬೇರೇನಿಲ್ಲ. ಒಂಬತ್ತು ನಿಮಿಷ ತಡವಾಗಿ ಮುಟ್ಟಿದೆ. ಸುಬೇದಾರರು ಸ್ಕೂಟರು ನಿಲ್ಲಿಸಿ ನನ್ನ ಹೆಗಲ ಮೇಲೆ ಕೈಯಿಟ್ಟು, 'ಸೈಕಲ್ ಸಾಕು ಮಾಸ್ತರೇ. ನಮ್ಮ ಹಿಂದೆ ಸಾಮಾನಿನ ಗಾಡಿ ಹೊಡೀರಿ' ಎಂದರು. ನೀರು, ಟ್ಯೂಬು, ಔಷಧ ತುಂಬಿದ ಆ ಗಾಡಿ ಉಮಾಕಾಂತನ ಟೆಂಪೋವೇ. ಕೀಲಿಕೈ ಕೊಡುವಾಗ ಅವನು, 'ಕಡೆಗೂ ಟೆಂಪೋ ಸಿಕ್ತಲ್ಲ ಸರ್' ಎಂದ. ಅವನು ಸಿಟ್ಟು ಬಿಟ್ಟ ಎಂದು ಅದರಿಂದ ತಿಳಿಯಿತು. ಮೋಹನ, 'ಹೊಡಿ, ಅದೂ ನಾಲ್ಕು ಗಾಲಿದೇ' ಎಂದು ತನ್ನ ಕುರ್ಚಿ ತಟ್ಟಿದ.

ಆಮೇಲೆ ನನಗೆ ತಿಳಿದ ಸಮಾಧಾನಗಳನ್ನೆಲ್ಲ ಹೇಳಿಕೊಂಡು ನೋಡಿದ್ದೇನೆ. ನೌಕಾನೆಲೆಯ ಹುಡುಗರು ಆ ದಾರಿಯಲ್ಲಿ ಸೈಕಲ್ ಹೊಡೆಯುತ್ತಾರೆ, ಅವರಲ್ಲಿ ಯಾರೋ ಬಿಳಿ ಅಂಗಿಯವನು ಇದ್ದಿರಬಹುದು. ಚಿತ್ರ? ಅದು ದಣಿದ ತಲೆಯ ಆಟ ಎನ್ನೋಣ. ಆದರೆ ತಲೆಯ ಆಟಕ್ಕೆ ಕಡಲಿನ ಗಾಳಿ ನಿಲ್ಲುತ್ತದೆಯೇ? ಒಮ್ಮೆ ಸುಬೇದಾರರ ಮೇಲೂ ಅನುಮಾನ ಬಂತು, ನನ್ನ ಪ್ರಾಮಾಣಿಕತೆ ನೋಡಲು ಏನೋ ಹೂಡಿದ್ದರೇ ಎಂದು. ಇವತ್ತಿಗೂ ಉಮಾಕಾಂತ ಮನೆಗೆ ಮೀನು ತಂದಾಗ ಅವನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡುತ್ತೇನೆ. ಅವನಿಗೂ ಅದು ಗೊತ್ತು. 'ನಾ ಅಲ್ಲ ಸರ್' ಎಂದು ನಗುತ್ತಲೇ ಹೇಳಿ ಹೋಗುತ್ತಾನೆ.

ಇನ್ನೊಂದು ಸಂಗತಿ ಇದೆ. ಯಾತ್ರೆ ಕೇರಳದ ದಂಡೆಯಲ್ಲಿ ಸಾಗುತ್ತಿದ್ದಾಗ ಒಂದು ಮಧ್ಯಾಹ್ನ ಗಾಳಿ ಎದುರಾಯಿತು. ಸುಬೇದಾರರೂ ಉಮಾಕಾಂತನೂ ಮುಂದೆ ಹೋಗಿ ಕಣ್ಮರೆಯಾದರು. ಸುಲಕ್ಷಾಗೆ ಹಿಂದಿನ ದಿನದಿಂದ ಜ್ವರದ ಸುಸ್ತು, ಹಿಂದೆ ಬಿದ್ದಳು. ನಾನು ಅವಳ ಹಿಂದೆ ನಿಧಾನವಾಗಿ ಟೆಂಪೋ ಓಡಿಸುತ್ತಿದ್ದೆ. ಹತ್ತಿ ಕೂತುಬಿಡುತ್ತಾಳೆ ಎಂದುಕೊಂಡಿದ್ದೆ, ಆದರೆ ಅವಳು ಸುಧಾರಿಸಿಕೊಂಡು ಹೊತ್ತಿಗೆ ಸರಿಯಾಗಿ ತಂಗುದಾಣ ಮುಟ್ಟಿದಳು.

ರಾತ್ರಿ ಉಳಿದುಕೊಂಡದ್ದು ಒಂದು ಶಾಲೆಯಲ್ಲಿ. ಊಟಕ್ಕೆ ಕೂತಾಗ, ಉಳಿದಿಬ್ಬರೂ ಕೈ ತೊಳೆಯಲು ಹೋದ ಹೊತ್ತು ನೋಡಿ ಅವಳು ಕೇಳಿದಳು.

'ಮಾಸ್ತರೇ, ಮಧ್ಯಾಹ್ನ ಹಿಂದಿಂದ ನಿಮಗೆ ಎಷ್ಟು ಸೈಕಲ್ ಕಂಡ್ವು?'

'ನಿನ್ನದೊಂದೇ' ಎಂದೆ.

ಅವಳು ತಟ್ಟೆಯಲ್ಲಿದ್ದ ಅನ್ನ ಪೂರ್ತಿ ಉಂಡು ಎದ್ದಳು. ಮರುದಿನ ಬೆಳಿಗ್ಗೆ ಹೊರಡುವಾಗ, ತಾನು ಇನ್ನು ಹಿಂದೆ ಉಳಿಯುವುದಿಲ್ಲ ಎಂದು ಸುಬೇದಾರರಿಗೆ ಹೇಳಿ ಇಬ್ಬರ ನಡುವೆ ಸೈಕಲ್ ತಂದು ನಿಲ್ಲಿಸಿದಳು. ಕನ್ಯಾಕುಮಾರಿಯವರೆಗೂ ನಡುವಿನಲ್ಲೇ ಹೋದಳು.